ಪಂಪಿಂಗ್ ಕಡಿಮೆಯಾಗಿದೆ, ಯಾಕೆ?

‘ಎಕೋ ಮಾಡಿಸಿದೆವು, ಪಂಪಿಂಗ್ ಮೂವತ್ತಂತೆ.’ ಹೃದ್ರೋಗಿಗಳ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಹೃದಯದ ಎಡ ಕೆಳಕೋಣೆ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇ. ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ ಅದು ನೂರಿರುವುದಿಲ್ಲ, ಸುಮಾರು 55ರಿಂದ 70 ಇರುತ್ತದೆ. 40ಕ್ಕೋ ಅದಕ್ಕೂ ಕೆಳಗೋ ಇಳಿದು, ಜೊತೆಗೆ ಏದುಸಿರು, ಕಾಲೂತ, ಸುಸ್ತು ಕಾಣಿಸಿಕೊಂಡರೆ ಅದು ಪಂಪಿಂಗ್ ಕುಗ್ಗಿದ ಹೃದಯ ವೈಫಲ್ಯ. ಹೃದಯ ಎಷ್ಟು ಸೋತಿದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಯಾಕೆ ಸೋತಿತು ಎಂಬುದನ್ನು ಬೇರೆಯಾಗಿಯೇ ಹುಡುಕಬೇಕು.

ಮೊದಲ ಅನುಮಾನ ಹೃದಯದ ರಕ್ತನಾಳಗಳ ಅಡಚಣೆಯ ಮೇಲೆ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯದಿಂದ ದಾಖಲಾದವರ ಪಟ್ಟಿ ಮಾಡಿದಾಗ ಸುಮಾರು ಶೇ. 72 ಮಂದಿಯಲ್ಲಿ ಮೂಲ ಕಾರಣ ಇದೇ ಆಗಿತ್ತು. ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಗಟ್ಟಿ ಕಲೆ ಉಳಿಯುತ್ತದೆ, ಅದರ ಪಾಲಿನ ಕೆಲಸ ಸುತ್ತಲಿನ ಸ್ನಾಯುವಿನ ಮೇಲೆ ಬೀಳುತ್ತದೆ. ಇತ್ತ ರಕ್ತದ ಹರಿವು ತಗ್ಗಿದ್ದು ಕಂಡ ಮೂತ್ರಪಿಂಡಗಳು ಉಪ್ಪು-ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಅಡ್ರಿನಲಿನ್ ಏರುತ್ತದೆ. ಕೆಲವು ದಿನಗಳ ಮಟ್ಟಿಗೆ ಇದು ಆಸರೆ, ತಿಂಗಳುಗಟ್ಟಲೆ ನಡೆದರೆ ಹೃದಯ ಹಿಗ್ಗಿ ಇನ್ನಷ್ಟು ಬಳಲುತ್ತದೆ. ಇವತ್ತಿನ ಮುಖ್ಯ ಔಷಧಿಗಳು ತಡೆಯುವುದು ಈ ವಿಷಚಕ್ರವನ್ನೇ. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗಿಹೋಗಿರುವುದೂ ಉಂಟು.

ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿ, ಬಾಲ್ಯದ ಗಂಟಲುಬೇನೆಯಿಂದ ಶುರುವಾದ ರುಮ್ಯಾಟಿಕ್ ಜ್ವರ ಕೆಡಿಸಿದ ಕವಾಟ, ಇವೆರಡೂ ನಮಗೆ ಪರಿಚಿತ ಕಾರಣಗಳೇ.

ರಕ್ತನಾಳ ಶುದ್ಧವಾಗಿದ್ದರೂ ಸ್ನಾಯುವೇ ಸೋಲುವುದುಂಟು. ವೈರಸ್ ಸೋಂಕಿನ ಉರಿಯೂತ, ಮದ್ಯ, ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧಿ, ಟೈಟಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷ ಇವೆಲ್ಲ ಕಾರಣವಾಗಬಲ್ಲವು. ಗರ್ಭಾವಸ್ಥೆಯ ಕೊನೆಯ ತಿಂಗಳಲ್ಲೋ ಹೆರಿಗೆಯಾದ ಕೆಲವು ತಿಂಗಳಲ್ಲೋ ಬರುವ ಬಗೆಯೊಂದಿದೆ. ಬಾಣಂತಿಯ ಏದುಸಿರನ್ನು ಬರೀ ನಿಶ್ಶಕ್ತಿ ಎಂದು ತಳ್ಳಿಹಾಕುವುದು ಅಪಾಯ.

ಕಾರಣ ಹುಡುಕಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಕ್ವಿಬೆಕ್ ನಗರದ ಉದಾಹರಣೆ ಇದೆ. 1965-66ರಲ್ಲಿ ಅಲ್ಲಿ ಬಿಯರ್ ಹೆಚ್ಚಾಗಿ ಕುಡಿಯುತ್ತಿದ್ದ 50ರ ಆಸುಪಾಸು ಮಂದಿಯ ಹೃದಯ ಏಕಾಏಕಿ ಸೋತಿತು. ಅವರಲ್ಲಿ ಸುಮಾರು 20 ಮಂದಿ ತೀರಿಕೊಂಡರು. ನೊರೆ ನಿಲ್ಲಲೆಂದು ಬಿಯರಿಗೆ ಬೆರೆಸಿದ ಕೋಬಾಲ್ಟ್ ಲವಣದ ಮೇಲೆ ಅನುಮಾನ ಬಂತು. ಅದನ್ನು ನಿಲ್ಲಿಸಿದ ಮೇಲೆ ಹೊಸ ರೋಗಿಗಳು ಬರುವುದೂ ನಿಂತಿತು.

ಥೈರಾಯ್ಡ್ ದೋಷ, ವಾರಗಟ್ಟಲೆ ತಗ್ಗದ ವೇಗದ ನಾಡಿ, ಕುಡಿತ, ಇಂಥವುಗಳಿಂದ ಕುಗ್ಗಿದ ಪಂಪಿಂಗ್ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ವರದಿ ಕೈಗೆ ಬಂದಾಗ ಅಂಕಿ ಕೇಳಿ ಸುಮ್ಮನಾಗಬೇಡಿ, ಕಾರಣವೇನು ಎಂದು ವೈದ್ಯರನ್ನು ಕೇಳಿ. ಅಂಕಿ ಮೇಲೇರಿತೆಂದು ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.