ಜಂಘೆ: ದೇಹದಿಂದ ದೇಗುಲಕ್ಕೆ ಸಂದ ಪದವೊಂದರ ಅರ್ಥವಿಚಾರ

ಸಂಸ್ಕೃತದ ‘ಜಂಘಾ’ ಶಬ್ದವು ಶರೀರಶಾಸ್ತ್ರ ಮತ್ತು ವಾಸ್ತುಶಾಸ್ತ್ರಗಳೆರಡರಲ್ಲೂ ಪಾರಿಭಾಷಿಕವಾಗಿ ಬಳಕೆಯಾಗಿದೆ. ದೇಹದಿಂದ ಕಟ್ಟಡಕ್ಕೆ ಸಾಗುವಾಗ ಅದರ ಅರ್ಥದ ಯಾವ ಅಂಶ ಉಳಿಯಿತು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಶರೀರದಲ್ಲಿ ಜಂಘೆಯ ಮೇರೆ ಖಚಿತವಾದುದು. ಸುಶ್ರುತಸಂಹಿತೆಯ ಶಾರೀರಸ್ಥಾನವು ಪಾದ ಮತ್ತು ಜಂಘೆಗಳು ಕೂಡುವೆಡೆಯನ್ನು ಗುಲ್ಫವೆಂದೂ, ಜಂಘೆ ಮತ್ತು ಊರುಗಳು ಕೂಡುವೆಡೆಯನ್ನು ಜಾನುವೆಂದೂ ಗುರುತಿಸುತ್ತದೆ. ಅಮರಕೋಶವೂ ಜಂಘೆ ಮತ್ತು ಊರುಗಳಿಗೆ ಪ್ರತ್ಯೇಕ ಪರ್ಯಾಯಗಳನ್ನು ಕೊಡುತ್ತದೆ. ಆದ್ದರಿಂದ ಜಂಘೆ ಎಂದರೆ ಮೊಣಕಾಲಿನ ಕೆಳಗಿನ ಕಣಕಾಲು. ಇದರಿಂದ ಹುಟ್ಟಿದ ಹಿಂದಿಯ ‘ಜಾಂಘ್’ ಶಬ್ದಕ್ಕಾದರೋ ತೊಡೆಯೆಂಬ ಅರ್ಥ ಬಂದಿದೆ.

ನಾಗರ ದೇವಾಲಯದಲ್ಲಿ ವೇದಿಬಂಧ ಮತ್ತು ವರಂಡಿಕೆಗಳ ನಡುವಿನ ಗೋಡೆಯೇ ಜಂಘೆ. ಖಜುರಾಹೋದ ಕಂದರಿಯಾ ಮಹಾದೇವ ದೇವಾಲಯದಲ್ಲಿ ಮೂರು ಸಾಲು ಶಿಲ್ಪಗಳಿರುವುದು ಈ ಭಾಗದಲ್ಲಿ. ವೇದಿಬಂಧದ ತಳಪಟ್ಟಿಕೆಗೆ ‘ಖುರ’, ಅಂದರೆ ಗೊರಸು, ಎಂಬ ಹೆಸರಿದೆ. ಗೊರಸಿನ ಮೇಲೆ ಕಣಕಾಲು ಬರುವುದರಿಂದ ಇಲ್ಲಿನ ರೂಪಕವು ಅಂಗಕ್ರಮವನ್ನೇ ಅನುಸರಿಸಿದೆ ಎನಿಸಬಹುದು. ಆದರೆ ಖುರಕ್ಕೂ ಜಂಘೆಗೂ ನಡುವೆ ಕುಂಭ, ಕಲಶಗಳೆಂಬ ಪಾತ್ರೆಗಳ ಹೆಸರುಗಳಿವೆ. ಜಂಘೆಯ ಮೇಲೆ ಜಾನುವಾಗಲಿ ಊರುವಾಗಲಿ ಇಲ್ಲ.

ದಾಕ್ಷಿಣಾತ್ಯ ಗ್ರಂಥಗಳು ಈ ಸಂದೇಹವನ್ನು ಬಲಪಡಿಸುತ್ತವೆ. ದ್ರಾವಿಡ ವಿಮಾನದ ಷಡ್ವರ್ಗದಲ್ಲಿ ಅಧಿಷ್ಠಾನ ಮತ್ತು ಪ್ರಸ್ತರಗಳ ನಡುವಿನ ಭಾಗಕ್ಕೆ ‘ಪಾದ’ವೆಂದು ಹೆಸರು. ಮಾನಸಾರವು ಜಂಘಾ, ಚರಣ, ಪಾದ, ಸ್ತಂಭಗಳನ್ನು ಕಂಬದ ಪರ್ಯಾಯನಾಮಗಳೆಂದು ಒಟ್ಟಿಗೆ ಎಣಿಸುತ್ತದೆ. ಎರಡೂ ಶೈಲಿಗಳು ಅಕ್ಕಪಕ್ಕದಲ್ಲಿರುವ ಪಟ್ಟದಕಲ್ಲಿನಲ್ಲಿ ಈ ಪರಿಭಾಷೆಯಂತೆ ಗಳಗನಾಥದ ಗೋಡೆ ಜಂಘೆಯಾದರೆ, ವಿರೂಪಾಕ್ಷದ ಗೋಡೆ ಪಾದವಾಗುತ್ತದೆ. ದೇಹದಲ್ಲಿ ಗುಲ್ಫದಿಂದ ಬೇರ್ಪಟ್ಟ ಎರಡು ಅಂಗಗಳು ಕಟ್ಟಡದಲ್ಲಿ ಒಂದೇ ಸ್ಥಾನಕ್ಕೆ ಸಲ್ಲುತ್ತವೆ.

ಹೀಗೆ ವಾಸ್ತುವಿಗೆ ಸಂದುದು ಅಂಗದ ಮೇರೆಯಲ್ಲ, ಮೇಲಿನ ಭಾರವನ್ನು ಹೊರುವ ಅದರ ಕಾರ್ಯ. ಕನ್ನಡದ ‘ಜಂಘಾಬಲ ಉಡುಗಿತು’ ಎಂಬ ನುಡಿಗಟ್ಟಿನಲ್ಲೂ ಇದೇ ಅಂಶ ಉಳಿದಿದೆ: ಅಲ್ಲಿ ಉಡುಗುವುದು ಕಣಕಾಲೊಂದರ ಬಲವಲ್ಲ, ದೇಹವನ್ನು ನಿಲ್ಲಿಸುವ ಕಾಲುಗಳ ಬಲ.

ನಿಘಂಟುಕಾರರಿಗೆ ಇದರಿಂದ ಒದಗುವ ಸೂಚನೆ ಸ್ಪಷ್ಟವಾಗಿದೆ. ವಾಸ್ತುವಿನ ಜಂಘೆಯನ್ನು ‘ತೊಡೆ’ಯೆಂದು ಅರ್ಥೈಸಿದರೆ ಹಿಂದಿಯ ಅರ್ಥಪಲ್ಲಟವನ್ನು ಸಂಸ್ಕೃತ ಪರಿಭಾಷೆಯ ಮೇಲೆ ಹೇರಿದಂತಾಗುತ್ತದೆ, ಬರಿಯ ‘ಕಣಕಾಲು’ ಎಂದರೆ ಪಾದದೊಡನೆ ಅದಕ್ಕಿರುವ ಪರ್ಯಾಯತೆ ಮರೆಯಾಗುತ್ತದೆ. ‘ಆಧಾರವಾಗಿ ನಿಂತು ಭಾರ ಹೊರುವ ಭಾಗ’ ಎಂಬ ನಡುವಣ ಅರ್ಥವನ್ನು ಉಲ್ಲೇಖದಲ್ಲಿ ನಮೂದಿಸಿದಾಗ ಮಾತ್ರ ಕಂಬ ಮತ್ತು ಗೋಡೆ ಎಂಬ ಎರಡೂ ಪ್ರಯೋಗಗಳು ಒಂದೇ ಮೂಲಕ್ಕೆ ಹೊಂದಿಕೊಳ್ಳುತ್ತವೆ.