ಬೈಪಾಸ್ ಎಲ್ಲಿ ಹಾಯಬೇಕು?

ಊರಿನ ಮುಖ್ಯರಸ್ತೆಯಲ್ಲಿ ದಿನವೂ ವಾಹನಗಳು ಸಾಲುಗಟ್ಟಿ ನಿಲ್ಲತೊಡಗಿದರೆ ಮೊದಲು ಕೇಳಿಬರುವ ಬೇಡಿಕೆ ಬೈಪಾಸ್. ಆದರೆ ಊರನ್ನು ದಾಟಿ ಮುಂದೆ ಹೋಗುವ ಲಾರಿ, ಬಸ್ಸು, ಕಾರುಗಳಿಗೆ ಮಾತ್ರ ಅದು ದಾರಿ. ಸಂತೆಗೋ ಎಪಿಎಂಸಿಗೋ ತಾಲ್ಲೂಕು ಕಚೇರಿಗೋ ಬರುವ ವಾಹನ ಊರೊಳಕ್ಕೆ ಬಂದೇ ಬರುತ್ತದೆ. ದಟ್ಟಣೆಯಲ್ಲಿ ಯಾರ ಪಾಲು ಎಷ್ಟು ಎಂಬುದು ಗೊತ್ತಾಗದೆ ಹೊಸ ರಸ್ತೆಗೆ ಗೆರೆ ಎಳೆಯುವುದು ತಪ್ಪು.

ಅದಕ್ಕೇ ಮೊದಲು ಎಣಿಕೆ. ಊರಿನ ಪ್ರವೇಶದಲ್ಲಿ ಸಾಮಾನ್ಯವಾಗಿ ಏಳು ದಿನ, ಹಗಲೂ ರಾತ್ರಿ ವಾಹನ ಎಣಿಸುತ್ತಾರೆ. ಸಂತೆಯ ದಿನವೂ ಭಾನುವಾರವೂ ಲೆಕ್ಕಕ್ಕೆ ಸಿಗಬೇಕಲ್ಲ. ಬೈಕೂ ಲಾರಿಯೂ ರಸ್ತೆಯಲ್ಲಿ ಒಂದೇ ಜಾಗ ಹಿಡಿಯುವುದಿಲ್ಲವಾದ್ದರಿಂದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಿಸಿಯು ಎಂಬ ಅಳತೆ ಗೊತ್ತುಮಾಡಿದೆ. ಗ್ರಾಮಾಂತರ ರಸ್ತೆಗಳ ಲೆಕ್ಕದಲ್ಲಿ ಕಾರು 1, ಬೈಕು 0.5, ಬಸ್ಸು ಅಥವಾ ಲಾರಿ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನಗಾಡಿ 8. ಕಬ್ಬು ಸಾಗಿಸುವ ಹಂಗಾಮಿನಲ್ಲಿ ಮಂಡ್ಯದ ರಸ್ತೆಯ ಲೆಕ್ಕ ಏಕೆ ಏರುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಎಣಿಕೆಯ ಜೊತೆಗೆ ಪೊಲೀಸರ ನೆರವಿನಿಂದ ಕೆಲವು ವಾಹನಗಳನ್ನು ನಿಲ್ಲಿಸಿ, ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋಗುತ್ತೀರಿ, ಏನು ಹೇರಿದ್ದೀರಿ ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇರುವುದು ಈ ಪ್ರಶ್ನೆಗಳಲ್ಲಿ. ಹೆಚ್ಚಿನವರು ಊರಿಗೇ ಬಂದವರಾದರೆ ಕೋಟಿಗಟ್ಟಲೆ ಸುರಿದು ಬೈಪಾಸ್ ಮಾಡುವುದಕ್ಕಿಂತ ಪಾರ್ಕಿಂಗ್, ಬಸ್ ನಿಲ್ದಾಣ, ಒಳರಸ್ತೆಗಳನ್ನು ಸರಿಪಡಿಸುವುದೇ ಮೇಲು.

ಬೈಪಾಸ್ ಬೇಕೇ ಬೇಕು ಎಂದಾದರೆ ಎರಡು ಮೂರು ಮಾರ್ಗಗಳನ್ನು ಗುರುತಿಸಿ ಹೋಲಿಸುತ್ತಾರೆ. ಊರಿಗೆ ತೀರಾ ಹತ್ತಿರವಾದರೆ ಕೆಲವೇ ವರ್ಷಗಳಲ್ಲಿ ಬಡಾವಣೆಗಳು ಅದನ್ನು ನುಂಗುತ್ತವೆ. ತೀರಾ ದೂರವಾದರೆ ಸುತ್ತು ಹೆಚ್ಚೆಂದು ಚಾಲಕರು ಹಳೆಯ ದಾರಿಯನ್ನೇ ಹಿಡಿಯುತ್ತಾರೆ. ಮೈಸೂರಿನ ಸುಮಾರು 42 ಕಿ.ಮೀ. ವರ್ತುಲ ರಸ್ತೆಯ ಆಚೆಗೂ ಈಗ ಬಡಾವಣೆಗಳು ಹಬ್ಬಿವೆ. ಉಪಗ್ರಹ ಚಿತ್ರದಲ್ಲಿ ಮನೆ, ಗುಡಿ, ಸ್ಮಶಾನ, ಕೆರೆಗಳು ಕಾಣುತ್ತವೆ. ಬೇಸಿಗೆಯಲ್ಲಿ ಒಣಗುವ ಹಳ್ಳ, ಕೆರೆಯ ಕೋಡಿ ನೀರು ಹರಿಯುವ ಜಾಡು, ದನ ಹೊಡೆದುಕೊಂಡು ಹೋಗುವ ಓಣಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಊರಿನ ಹಿರಿಯರೊಂದಿಗೆ ಗೆರೆಯುದ್ದಕ್ಕೂ ನಡೆದೇ ಅವನ್ನು ನೋಡಬೇಕು.

ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಸಾಕ್ಷಿ. ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿ ಹೋಗುವ ಅಲ್ಲಿನ ಬೈಪಾಸ್ ಸುಮಾರು 22 ಕಿ.ಮೀ. 2023ರ ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆಯಾಯಿತು; ಅದೇ ತಿಂಗಳ ಮಳೆಗೆ ರಾಮನಗರದ ಬಳಿ ರಸ್ತೆಯ ಮೇಲೆ ನೀರು ನಿಂತಿತು. ಹಳ್ಳಿಯವರು ಹೆದ್ದಾರಿಯಿಂದ ಊರಿಗೆ ಇಳಿಯಲು ಮಣ್ಣು ಸುರಿದು ದಾರಿ ಮಾಡಿಕೊಂಡದ್ದರಿಂದ ಚರಂಡಿ ಮುಚ್ಚಿಹೋಗಿತ್ತು ಎಂದು ಹೆದ್ದಾರಿ ಪ್ರಾಧಿಕಾರ ವಿವರಣೆ ಕೊಟ್ಟಿತು. ಆ ವಿವರಣೆಯನ್ನು ಹಾಗೇ ಒಪ್ಪಿದರೂ, ಜನ ತಾವೇ ಮಣ್ಣು ಸುರಿದು ದಾರಿ ಮಾಡಿಕೊಳ್ಳಬೇಕಾಗಿ ಬಂತೆಂದರೆ ಅಲ್ಲಿ ಅವರಿಗೆ ಬೇಕಾದ ದಾರಿ ನಕ್ಷೆಯಲ್ಲಿ ಇರಲಿಲ್ಲವೆಂದೇ ಅರ್ಥ. ಆಮೇಲೆ ಅಪಘಾತಗಳು ಹೆಚ್ಚಿ, 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯಪಥದಲ್ಲಿ ಪ್ರವೇಶ ನಿಂತಿತು. ಅಂಥ ವಾಹನಗಳಿಗೆ ಸರ್ವೀಸ್ ರಸ್ತೆಯೊಂದೇ ಗತಿ. ಅದು ತುಂಡುತುಂಡಾಗಿದ್ದರೆ ಹಳ್ಳಿಯವರ ಪಾಡು ಹೇಳತೀರದು.

ಅಗಲದ ವಿಷಯದಲ್ಲಿ ಜಿಪುಣತನ ತೋರಿದರೆ ಇನ್ನೂ ಕಷ್ಟ. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ–ಧಾರವಾಡ ಬೈಪಾಸ್ ಸುಮಾರು 30 ಕಿ.ಮೀ. ಅದರ ಎರಡೂ ತುದಿಗಳಲ್ಲಿ ಹೆದ್ದಾರಿ ಅಗಲವಾದ ಮೇಲೂ ಅದು ಮಾತ್ರ ವರ್ಷಗಟ್ಟಲೆ ಎರಡೇ ಪಥವಾಗಿ ಉಳಿಯಿತು, ನಡುವೆ ವಿಭಜಕವೂ ಇರಲಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಮಹಿಳೆಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ರಸ್ತೆ ಅಗಲ ಮಾಡಿ ಎಂಬ ಕೂಗು ಬಲಗೊಂಡದ್ದು ಆ ಬಳಿಕ. ಇಂದಿನ ಅಗತ್ಯಕ್ಕೆ ಎರಡೇ ಪಥ ಸಾಕಾದರೂ ಮುಂದಿನ ಅಗಲೀಕರಣಕ್ಕೆ ಬೇಕಾದ ಜಾಗವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಲೇಸು.

ರಾಷ್ಟ್ರೀಯ ಹೆದ್ದಾರಿಯಾದರೆ ಭೂಸ್ವಾಧೀನ ನಡೆಯುವುದು 1956ರ ಕಾಯ್ದೆಯಂತೆ. ಭೂಮಿ ಪಡೆಯುವ ಉದ್ದೇಶ ತಿಳಿಸುವ 3ಎ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ವರ್ಷದೊಳಗೆ ಸ್ವಾಧೀನವನ್ನು ಖಚಿತಪಡಿಸುವ 3ಡಿ ಘೋಷಣೆ ಹೊರಡದಿದ್ದರೆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ. ಹೊರಟರೆ ಭೂಮಿ ಸರ್ಕಾರದ್ದು. ಹೆಚ್ಚಿನವರು ಈ ಹಂತದಲ್ಲಿ ಪರಿಹಾರದ ಮೊತ್ತವನ್ನಷ್ಟೇ ನೋಡುತ್ತಾರೆ. ಆದರೆ ಅಷ್ಟು ಹೊತ್ತಿಗೆ ಮಾರ್ಗ ಬಹುಪಾಲು ನಿಗದಿಯಾಗಿರುತ್ತದೆ. ಹೀಗಾಗಿ ಸರ್ವೆಯವರು ಕಲ್ಲು ನೆಡಲು ಬಂದಾಗಲೇ ಗ್ರಾಮ ಪಂಚಾಯಿತಿಯಿಂದ ನಕ್ಷೆ ಕೇಳಿ, ಸರ್ವೆ ನಂಬರುಗಳನ್ನು ಪಹಣಿಯೊಂದಿಗೆ ತಾಳೆ ನೋಡಬೇಕು. ರಸ್ತೆಯ ಆಚೆ ಉಳಿಯುವ ಹೊಲಕ್ಕೆ ದಾರಿ ಎಲ್ಲಿ, ಮೇವು ಹೇರಿದ ಟ್ರ್ಯಾಕ್ಟರ್ ಹಾಯುವಷ್ಟು ಎತ್ತರ ಅಂಡರ್‌ಪಾಸಿಗೆ ಇದೆಯೇ, ಹಳ್ಳಕ್ಕೆ ಸೇತುವೆಯೋ ಬರೀ ಪೈಪೋ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು.