ಕಾಲು ತೆಗೆಯುವ ಮುನ್ನ ನಾಳ ನೋಡಿದ್ದಾರಾ?

"ಬೆರಳು ಕಪ್ಪಾಗಿದೆ, ಕಾಲು ತೆಗೆಸಿಬಿಡಿ." ಹಮಾಲಿ ಮಾಡುವವನಿಗೋ ಗದ್ದೆಗೆ ಇಳಿಯುವವಳಿಗೋ ಈ ಮಾತು ಹೇಳಿದರೆ ಹೋಗುವುದು ಕಾಲೊಂದೇ ಅಲ್ಲ, ಮನೆಯ ಅನ್ನ. ಹಾಗಾಗಿ ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ: "ಡಾಕ್ಟ್ರೇ, ಕಾಲಿನ ರಕ್ತನಾಳ ನೋಡಿದ್ದೀರಾ?"

ಈ ಪ್ರಶ್ನೆಗೆ ಅರವತ್ತು ವರ್ಷದ ಇತಿಹಾಸವಿದೆ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 82 ವರ್ಷದ ಅಜ್ಜಿಯೊಬ್ಬರ ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸಬೇಕೆಂದರು ವೈದ್ಯರು. ಅಜ್ಜಿ ಸುತರಾಂ ಒಪ್ಪಲಿಲ್ಲ. ಆಗ ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ವೈದ್ಯರು ತೊಡೆಯ ನಾಳದೊಳಗೆ ತಂತಿ ತೂರಿಸಿ, ಅದರ ಮೇಲೆ ಕೊಳವೆ ಜಾರಿಸಿ ಕಟ್ಟಿದ ಜಾಗ ಬಿಡಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು. ಅಜ್ಜಿ ಸಾಯುವವರೆಗೂ ತನ್ನ ಕಾಲ ಮೇಲೇ ಓಡಾಡಿದರು. ಹಟ ಅಂದ್ರೆ ಇದು! 1974ರಲ್ಲಿ ಜೂರಿಕ್‌ನ ಗ್ರುಂಟ್ಸಿಗ್ ಅದೇ ಕೆಲಸಕ್ಕೆ ಬಲೂನು ತಂದರು. ಹೃದಯಕ್ಕೆ ಬಲೂನು ಹೋದದ್ದು ಆಮೇಲೆ, 1977ರಲ್ಲಿ.

ಈಗಲೂ ಕ್ರಮ ಹೆಚ್ಚುಕಡಿಮೆ ಅದೇ. ತೊಡೆಸಂದಿಯಲ್ಲಿ ಮರಗಟ್ಟಿಸುವ ಇಂಜೆಕ್ಷನ್, ಸಣ್ಣ ತೂತು, ತಂತಿ, ಬಲೂನು, ಬೇಕಾದರೆ ಸ್ಟೆಂಟು. ದೊಡ್ಡ ಕೊಯ್ತ ಇಲ್ಲ. ಹಾಗಂತ ಇದೇನು ಮಂತ್ರವಲ್ಲ. ಸತ್ತ ಬೆರಳು ಬದುಕುವುದಿಲ್ಲ, ಅದನ್ನು ತೆಗೆಯಲೇಬೇಕು. ಆದರೆ ರಕ್ತ ಇಳಿದರೆ ಬೆರಳಿಗೇ ಮುಗಿಯಬಹುದು, ಮಂಡಿಯವರೆಗೆ ಹೋಗಬೇಕಿಲ್ಲ. ನಾಳ ಮತ್ತೆ ಕಟ್ಟುವುದೂ ಉಂಟು. ಕೆಲವರಿಗೆ ಬೈಪಾಸೇ ಗತಿ. ಕೀವು ಮೈಗೇರಿ ಜೀವಕ್ಕೇ ಬಂದಾಗ ಮಾತ್ರ ಕಾಲು ತೆಗೆಯಲು ಹಟ ಮಾಡಬೇಡಿ.

ನಮ್ಮವರ ತೊಂದರೆ ಬೇರೆ: ತಡ. ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿಯುತ್ತೆ, ನಿಂತರೆ ಬಿಡುತ್ತೆ; "ವಯಸ್ಸಾಯ್ತು" ಅಂತ ಸುಮ್ಮನಿರ್ತಾರೆ. ಅದು ನಾಳ ಕಟ್ಟುತ್ತಿರುವ ಮೊದಲ ಕೂಗು. ರಾತ್ರಿ ಕಾಲು ಉರಿದು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸಿದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಆಗ ಒಂದು ದಿನವೂ ಕಾಯಬಾರದು. ಸಕ್ಕರೆಯವರಿಗೆ ನರ ಮರಗಟ್ಟಿ ನೋವೇ ಗೊತ್ತಾಗೋದಿಲ್ಲ; ಅವರು ದಿನಾ ಅಂಗಾಲು ನೋಡಿಕೊಳ್ಳಬೇಕು. ಬೀಡಿಯ ಸಂಗತಿ ಹೇಳುವುದೇ ಬೇಡ. ಬಲೂನು ಹಾಕಿಸಿಕೊಂಡು ಬಂದು ಆಸ್ಪತ್ರೆ ಗೇಟಿನಲ್ಲೇ ಬೀಡಿ ಹಚ್ಚುವ ಮಹಾರಾಯರಿಗೆ ಯಾವ ವೈದ್ಯ ಏನು ಮಾಡಿಯಾನು?

ಮೊದಲ ತಪಾಸಣೆಗೆ ದುಡ್ಡೂ ಬೇಕಿಲ್ಲ. ತೋಳಿನ ಬಿ.ಪಿ., ಹರಡಿನ ಬಿ.ಪಿ. ಎರಡನ್ನೂ ಅಳೆದು ಹೋಲಿಸಿದರೆ ಸಾಕು. ಹರಡಿನದು ತೋಳಿನದರ 0.9ಕ್ಕಿಂತ ಕಡಿಮೆ ಬಂದರೆ ಅನುಮಾನ. ಆಮೇಲೆ ಡಾಪ್ಲರ್ ಸ್ಕ್ಯಾನು. ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳುವಾಗ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಯೋಜನೆಯಲ್ಲಿ ಖರ್ಚು ಎಷ್ಟು ಸಿಗುತ್ತೆ ಅಂತ ಅಲ್ಲಿನ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.